ಅವ್ವ ಓದಬೇಕಾದ ಎಲ್‌ಸಿಡಿ ಪರದೆ: ಟಾಕಿಯ ನೀರನ್ನು ಕೊಡದ ಲೆಕ್ಕದಲ್ಲಿ ತೋರಿಸಿದ ಕೆಲಸ

ಕಲಬುರಗಿಗೆ ಕುಡಿಯುವ ನೀರು ಬರುವುದು ಭೀಮಾ ನದಿ ಮತ್ತು ಬೆಣ್ಣೆತೊರೆಯಿಂದ. ನಮ್ಮ ಓಣಿಗೆ ಮೂರು ದಿನಕ್ಕೊಮ್ಮೆ ನಲ್ಲಿ ಬಿಡುತ್ತಾರೆ. ಬಂದ ನೀರನ್ನು ಕೆಳಗಿನ ಸಂಪಿನಲ್ಲಿ ಹಿಡಿದು, ಮೋಟಾರ್ ಹಾಕಿ ಮಾಳಿಗೆ ಮೇಲಿನ ಟಾಕಿಗೆ ಏರಿಸುತ್ತೇವೆ. ಟಾಕಿಯಲ್ಲಿ ಎಷ್ಟು ಉಳಿದಿದೆ ಅಂತ ನೋಡಲು ಅವ್ವ ದಿನಾ ಕಬ್ಬಿಣದ ಏಣಿ ಹತ್ತುತ್ತಿದ್ದಳು. ಅವಳಿಗೆ 67 ವರ್ಷ, ಮೊಣಕಾಲು ನೋವು ಬೇರೆ. ಅಡುಗೆಮನೆ ಗೋಡೆಯ ಮೇಲೇ ನೀರಿನ ಲೆಕ್ಕ ಕಾಣುವ ಹಾಗೆ ಮಾಡಿಕೊಡ್ತೀನಿ ಅಂದೆ. ಅವಳು ಹಾಕಿದ ಷರತ್ತು ಒಂದೇ: "ಕನ್ನಡದಾಗ ಬರೀಬೇಕು ನೋಡ್ ತಮ್ಮಾ. ಇಂಗ್ಲೀಷಿನಾಗ ಬರ್ದ್ರ ನಾ ಏಣಿನೇ ಹತ್ತತೀನಿ."

ಅಂಕಿ ಮಾತ್ರ 1, 2, 3 ಇದ್ದರೆ ನಡೆಯುತ್ತದೆ. ನೋಟು, ಬಸ್ಸು, ಫೋನು ಎಲ್ಲದರಲ್ಲೂ ಅವಳು ಅದನ್ನೇ ನೋಡಿದ್ದು. ಅಕ್ಷರ ಮಾತ್ರ ಕನ್ನಡವೇ ಆಗಬೇಕು.

ಜನವರಿಯಲ್ಲಿ ಶುರು ಮಾಡಿದ್ದು ಜೂನ್‌ವರೆಗೆ ಎಳೆಯಿತು. ಎಲ್ಲೆಲ್ಲಿ ತಪ್ಪಿದೆ ಅನ್ನುವುದನ್ನು ಬಿಡದೆ ಬರೆದಿದ್ದೇನೆ. ಇದೇ ಕೆಲಸಕ್ಕೆ ಕೈ ಹಾಕುವವರಿಗೆ ಅದೇ ಜಾಸ್ತಿ ಉಪಯೋಗ.

ಜನವರಿ 16: ಸಾಮಾನು

ಆರ್ಡುಯಿನೋ ಊನೋ ಮಾದರಿಯ ಬೋರ್ಡು, ಅಂದರೆ ನಾವು ಬರೆದ ಕೋಡ್ ಓಡಿಸುವ ಸಣ್ಣ ಕಂಪ್ಯೂಟರು, 480 ರೂಪಾಯಿ. 16×2 ಎಲ್‌ಸಿಡಿ (ಸಾಲಿಗೆ 16 ಅಕ್ಷರ, ಎರಡು ಸಾಲು), ಹಸಿರು ಹಿಂಬೆಳಕಿನದು, 160. ಸದ್ದು ಕಳಿಸಿ, ಅದು ನೀರಿಗೆ ಬಡಿದು ಮರಳುವ ಹೊತ್ತಿನಿಂದ ದೂರ ಅಳೆಯುವ ಎಚ್‌ಸಿ-ಎಸ್‌ಆರ್04 ಅಲ್ಟ್ರಾಸಾನಿಕ್ ಸೆನ್ಸರ್ 90. 10ಕೆ ಪಾಟ್ (ತಿರುಗಿಸಿ ವೋಲ್ಟೇಜ್ ಹೆಚ್ಚುಕಡಿಮೆ ಮಾಡುವ ರೆಸಿಸ್ಟರ್) ಮತ್ತು ಸಣ್ಣಪುಟ್ಟ ಕೆಪಾಸಿಟರ್ ಸೇರಿ 20. ಬ್ರೆಡ್‌ಬೋರ್ಡು (ಬೆಸುಗೆ ಇಲ್ಲದೆ ವೈರು ಚುಚ್ಚಿ ಜೋಡಿಸುವ ಹಲಗೆ), ಜಂಪರ್ ವೈರು, ಹಳೇ ಫೋನ್ ಚಾರ್ಜರು ಮನೆಯಲ್ಲೇ ಇದ್ದವು.

ಎಲ್‌ಸಿಡಿಗೆ 16 ರಂಧ್ರ ಇರುತ್ತವೆ, ಪಿನ್ ಪಟ್ಟಿ ಬೇರೆಯಾಗಿ ಬರುತ್ತದೆ. ಬೆಸುಗೆ ಆಮೇಲೆ ಹಾಕಿದರಾಯ್ತು ಅಂತ ಪಿನ್ ಪಟ್ಟಿಯನ್ನು ಸುಮ್ನೆ ತೂರಿಸಿ ಬ್ರೆಡ್‌ಬೋರ್ಡಿಗೆ ಒತ್ತಿದೆ. ಕೈಯಿಂದ ಅದುಮಿ ಹಿಡಿದರೆ ಅಕ್ಷರ ಬರುತ್ತಿತ್ತು, ಬಿಟ್ಟರೆ ಹೋಗುತ್ತಿತ್ತು. ಇಡೀ ಸಂಜೆ ಕೋಡ್‌ನಲ್ಲಿ ತಪ್ಪು ಹುಡುಕಿದೆ. ಮೊದಲು ಬೆಸುಗೆ ಹಾಕಿ, ಆಮೇಲೆ ಉಳಿದ ಕೆಲಸ.

ಜನವರಿ 18: ಬೆಸುಗೆ, ವೈರು, ಕಪ್ಪು ಡಬ್ಬಿಗಳು

16 ಪಿನ್ ಬೆಸೆದೆ. ಜೋಡಣೆ ಹೀಗೆ: 1ನೇ ಪಿನ್ ಗ್ರೌಂಡ್, 2ನೇದು 5 ವೋಲ್ಟ್, 3ನೇದು ಪಾಟ್‌ನ ನಡುವಿನ ಕಾಲು (ಅಕ್ಷರ ಎಷ್ಟು ಕಪ್ಪಾಗಿ ಕಾಣಬೇಕು, ಅಂದರೆ ಕಾಂಟ್ರಾಸ್ಟ್, ಇದರಿಂದ). 4ನೇ ಪಿನ್ ಅಂದರೆ ಆರ್‌ಎಸ್, ಊನೋದ 12ಕ್ಕೆ. 6ನೇದು ಇ, 11ಕ್ಕೆ. 11ರಿಂದ 14ನೇ ಪಿನ್‌ಗಳು ಡಿ4ರಿಂದ ಡಿ7, ಊನೋದ 5, 4, 3, 2ಕ್ಕೆ. 7ರಿಂದ 10 ಖಾಲಿ, ಯಾಕಂದ್ರೆ ನಾಲ್ಕು ಬಿಟ್ ಕ್ರಮದಲ್ಲಿ ಅವು ಬೇಡ. 15 ಮತ್ತು 16 ಹಿಂಬೆಳಕಿಗೆ, 15ಕ್ಕೆ 220 ಓಮ್ ರೆಸಿಸ್ಟರ್ ಮೂಲಕ ಕರೆಂಟ್.

ಆನ್ ಮಾಡಿದರೆ ಮೇಲಿನ ಸಾಲಿನಲ್ಲಿ 16 ಕಪ್ಪು ಡಬ್ಬಿ, ಕೆಳಗಿನ ಸಾಲು ಖಾಲಿ. ಇದು ಕಂಡರೆ ಕರೆಂಟ್ ಸರಿ ಇದೆ, ಕಾಂಟ್ರಾಸ್ಟ್ ಇದೆ, ಆದರೆ ಎಲ್‌ಸಿಡಿಗೆ ಬೋರ್ಡಿನ ಮಾತು ಇನ್ನೂ ಮುಟ್ಟಿಲ್ಲ ಅಂತ ಅರ್ಥ. ನನ್ನ ತಪ್ಪು 5ನೇ ಪಿನ್‌ನಲ್ಲಿತ್ತು. ಆರ್‌ಡಬ್ಲ್ಯೂ ಪಿನ್ ಅದು. ಬಳಸುವುದಿಲ್ಲವಲ್ಲ ಅಂತ ಗಾಳಿಯಲ್ಲಿ ಬಿಟ್ಟಿದ್ದೆ. ಅದನ್ನು ಗ್ರೌಂಡಿಗೆ ಕಟ್ಟಲೇಬೇಕು. ಕಟ್ಟಿದ ಕೂಡಲೇ ಇಂಗ್ಲಿಷ್ ಅಕ್ಷರ ಬಂದವು. ಆದರೆ ಕೆಲವು ಅಕ್ಷರ ಬೇರೆಯೇ ಬರುತ್ತಿದ್ದವು. ಮಲ್ಟಿಮೀಟರ್ ಹಿಡಿದು ಒಂದೊಂದೇ ಪಿನ್ ನೋಡಿದಾಗ ಡಿ6ರ ಬೆಸುಗೆ ಹಿಡಿದಿರಲಿಲ್ಲ. ಇನ್ನೊಮ್ಮೆ ಕಾಯಿಸಿ ತವರ ಹಾಕಿದೆ, ಸರಿಹೋಯಿತು.

3ನೇ ಪಿನ್‌ನ ವೋಲ್ಟೇಜ್ ಅಳೆದು ಬರೆದಿಟ್ಟುಕೊಂಡೆ: ಅಕ್ಷರ ಚೆನ್ನಾಗಿ ಕಂಡಾಗ 0.75 ವೋಲ್ಟ್. ಈ ಅಂಕಿ ಮೇ ತಿಂಗಳಲ್ಲಿ ಕೆಲಸಕ್ಕೆ ಬಂತು.

ಜನವರಿ 21: ಕನ್ನಡ ಟೈಪ್ ಮಾಡಿದರೆ ಏನು ಬರುತ್ತದೆ

ಕೋಡ್‌ನಲ್ಲೇ ನೇರವಾಗಿ "ನೀರು" ಅಂತ ಟೈಪ್ ಮಾಡಿ ಪ್ರಿಂಟ್ ಕೊಟ್ಟೆ. ಪರದೆ ಮೇಲೆ ಗ್ರೀಕಿನ ಆಲ್ಫಾ, ಆಮೇಲೆ ಜಪಾನಿ ಅಕ್ಷರ, ಮತ್ತೆ ಆಲ್ಫಾ, ಮತ್ತೆ ಜಪಾನಿ. ಹೀಗೆ 12 ಮನೆ ಹೋದವು (ಒಂದು ಅಕ್ಷರದ ಜಾಗ ಅಂದರೆ ಒಂದು ಮನೆ). ಅವ್ವ ಇಣುಕಿ ನೋಡಿ "ಇದ್ಯಾವ ಭಾಷಾ?" ಅಂದಳು.

ಕಾರಣ ಸರಳ. ನಮ್ಮ ಒಂದೊಂದು ಅಕ್ಷರ, ಒಂದೊಂದು ಗುಣಿತದ ಚಿಹ್ನೆ ಕಂಪ್ಯೂಟರಿನಲ್ಲಿ ಮೂರು ಬೈಟ್ ಆಗಿ ಹೋಗುತ್ತದೆ. "ನೀರು" ಅಂದರೆ ನ, ದೀರ್ಘದ ಗುಡಿಸು, ರ, ಕೊಂಬು. ನಾಲ್ಕು ಮೂರಲಿ ಹನ್ನೆರಡು. ಈ ಎಲ್‌ಸಿಡಿಗಳ ಒಳಗಿನ ಚಿಪ್ಪು ಹಿಟಾಚಿಯ ಎಚ್‌ಡಿ44780, ಅಥವಾ ಅದರ ಹಾಗೇ ನಡೆಯುವ ಇನ್ನೊಂದು. ಅದಕ್ಕೆ ಒಂದು ಬೈಟ್ ಅಂದರೆ ಒಂದು ಅಕ್ಷರ ಅಷ್ಟೇ ಗೊತ್ತು. ನನ್ನ ಪರದೆಯಲ್ಲಿರುವುದು ಇಂಗ್ಲಿಷ್ ಜೊತೆ ಜಪಾನಿ ಕಟಕಾನಾ ಅಕ್ಷರ ತುಂಬಿದ ಚಿಪ್ಪು. ಕನ್ನಡದ ಪ್ರತಿ ಅಕ್ಷರದ ಮೊದಲ ಬೈಟ್ ಅದರ ಪಟ್ಟಿಯಲ್ಲಿ ಆಲ್ಫಾ. ಅದಕ್ಕೇ ನಾಲ್ಕು ಆಲ್ಫಾ ಬಂದಿದ್ದು.

ಹಾಗಾಗಿ ಉಳಿದ ದಾರಿ ಒಂದೇ: ಅಕ್ಷರವನ್ನು ನಾವೇ ಚುಕ್ಕಿ ಚುಕ್ಕಿಯಾಗಿ ಬರೆದು ಚಿಪ್ಪಿಗೆ ಕೊಡುವುದು. ಅದಕ್ಕೆ ಇರುವ ಜಾಗ 8 ಅಕ್ಷರದ್ದು ಮಾತ್ರ. ಒಂದೊಂದು ಅಕ್ಷರಕ್ಕೆ ಅಡ್ಡ 5 ಚುಕ್ಕಿ, ಉದ್ದ 8 ಚುಕ್ಕಿ.

ಜನವರಿ 23–30: ಎಂಟು ಮನೆಯೊಳಗೆ ಕನ್ನಡ

ಈ ಒಂದು ವಾರ ಇಡೀ ಕೆಲಸದಲ್ಲೇ ನನಗೆ ಪ್ರೀತಿಯದ್ದು.

ಮೊದಲು ಏನು ಬರೆಯಬೇಕು ಅನ್ನುವುದು ಇತ್ಯರ್ಥವಾಗಬೇಕಿತ್ತು. ನನ್ನ ತಲೆಯಲ್ಲಿ ಇದ್ದದ್ದು ಶೇಕಡಾ ಲೆಕ್ಕ. ಅವ್ವ ಕೇಳಿದಳು, "ನಲವತ್ತು ಪರ್ಸೆಂಟ್ ಅಂದ್ರ ಎಷ್ಟ್ ಕೊಡ?" ಅಲ್ಲಿಗೆ ಮುಗಿಯಿತು. "ನೀರು 42 ಕೊಡ" ಅಂತಲೇ ತೋರಿಸುವುದು ಅಂತ ಆಯಿತು.

ಗ್ರಾಫ್ ಹಾಳೆ ಮೇಲೆ ಬರೆಯಲು ಹೋದೆ. ಪೆನ್ಸಿಲ್ ಅಳಿಸಿ ಅಳಿಸಿ ಹಾಳೆ ಹರಿಯಿತು. ಅವ್ವ ಅಲ್ಲೇ ಜೋಳ ಹಸನು ಮಾಡುತ್ತಾ ಕೂತಿದ್ದಳು. ನಮ್ಮ ಮನೆ ನೆಲ ಶಹಾಬಾದ್ ಫರ್ಸಿಯದು. ಬೂದು ಕಲ್ಲಿನ ಮೇಲೆ ಸೀಮೆಸುಣ್ಣದಿಂದ 5×8 ಮನೆ ಗೀರಿ, ಚುಕ್ಕಿ ಬೇಕಾದ ಮನೆಯಲ್ಲಿ ಒಂದೊಂದು ಜೋಳದ ಕಾಳು ಇಟ್ಟೆವು. ಬೇಡ ಅನಿಸಿದರೆ ಕಾಳು ತೆಗೆದರೆ ಆಯಿತು. ಎದ್ದು ನಿಂತು ದೂರದಿಂದ ನೋಡಿದರೆ ಅಕ್ಷರ ಆಗಿದೆಯೋ ಇಲ್ಲವೋ ತಟ್ಟನೆ ಗೊತ್ತಾಗುತ್ತದೆ. ಪರದೆ ಮೇಲೂ ಅದು ಹಾಗೇ ಕಾಣುವುದು.

ರ ಬರೆಯುವಾಗ ನಾನು ಬರೀ ಸುತ್ತು ಇಟ್ಟಿದ್ದೆ. ಅವ್ವ ಓದಿದ್ದು "ನೀ ಸೊನ್ನಿ". "ತಲಿಕಟ್ಟು ಎಲ್ಲದನೋ?" ಅಂತ ತಾನೇ ಮೇಲೆ ಐದು ಕಾಳು ಸೇರಿಸಿ, ಎರಡನ್ನು ಬಲಗಡೆ ಎತ್ತರದಲ್ಲಿಟ್ಟಳು. ಸುತ್ತನ್ನು ಒಂದು ಸಾಲು ಕುಗ್ಗಿಸಬೇಕಾಯಿತು. ಕೊನೆಗೆ ರ ನಿಂತದ್ದು ಹೀಗೆ:

00011
11100
01110
10001
10001
10001
01110
00000

ಕೊನೆಯ ಸಾಲು ಬೇಕಂತಲೇ ಖಾಲಿ ಬಿಟ್ಟಿದ್ದು. ಬಿಡದಿದ್ದರೆ ಕೆಳಗಿನ ಸಾಲಿನ ಚಿತ್ರಕ್ಕೆ ತೀರಾ ಹತ್ತಿರ ಹೋಗುತ್ತದೆ.

ನೀ ಮಾತ್ರ ಒಂದು ಮನೆಯಲ್ಲಿ ಕೂರಲೇ ಇಲ್ಲ. ಮೂರು ಸಲ ಒತ್ತಿ ತುಂಬಿದೆ. ಅವ್ವ ಒಮ್ಮೆ "ಸಿರು" ಅಂದಳು, ಒಮ್ಮೆ "ನಿರು" ಅಂದಳು, ಮೂರನೇ ಸಲ ಸುಮ್ಮನೆ ತಲೆ ಅಲ್ಲಾಡಿಸಿದಳು. ಎರಡು ಮನೆ ಕೊಟ್ಟೆ. ಆಗ ಇನ್ನೊಂದು ತೊಂದರೆ. ಎಲ್‌ಸಿಡಿಯಲ್ಲಿ ಒಂದು ಮನೆಗೂ ಪಕ್ಕದ ಮನೆಗೂ ನಡುವೆ ಹೆಚ್ಚುಕಡಿಮೆ ಒಂದು ಚುಕ್ಕಿಯಷ್ಟು ಸಂದು ಇರುತ್ತದೆ. ಅಲ್ಲಿ ಏನೂ ಬರೆಯಲು ಆಗದು. ಅಕ್ಷರದ ಹೊಟ್ಟೆಯ ಮೇಲೆ ಆ ಸಂದು ಬಂದರೆ ಅಕ್ಷರ ಸೀಳಿದ ಹಾಗೆ ಕಾಣುತ್ತದೆ. ಅದಕ್ಕೆ ಮೊದಲ ಮನೆಯಲ್ಲಿ ಪೂರ್ತಿ ನಿ, ಎರಡನೇ ಮನೆಯಲ್ಲಿ ದೀರ್ಘದ ಬಾಲ ಮಾತ್ರ. ಹಾಗೇ ರ ಒಂದು ಮನೆ, ಕೊಂಬು ಒಂದು ಮನೆ. ಕೊ ಅಕ್ಷರವೂ ಹೀಗೇ ಒಡೆಯುತ್ತದೆ: ಎಡಗಡೆ ಕೆ, ಬಲಗಡೆ ಕೊಂಬು. ಕನ್ನಡದ ಗುಣಿತ ಬಹಳ ಕಡೆ ಬಲಕ್ಕೆ ಬೆಳೆಯುವುದರಿಂದ ಸಂದು ಬೀಳಲು ಸರಿಯಾದ ಜಾಗ ತಾನಾಗೇ ಸಿಗುತ್ತದೆ.

ಒಂದು ಮನೆ ಉಳಿಸೋಣ ಅಂತ ರು ಅಕ್ಷರದ ಕೊಂಬನ್ನೇ ಕೊ ಪಕ್ಕದಲ್ಲೂ ಹಾಕಿದ್ದೆ. "ಕುಡ" ಅಂತ ಓದಿದಳು. ಬೇರೆಯೇ ಬರೆದೆ. ಕೊನೆಯ ಲೆಕ್ಕ: ನಿ, ದೀರ್ಘ, ರ, ಕೊಂಬು, ಕೆ, ಕೊ ಅಕ್ಷರದ ಕೊಂಬು, ಡ. ಏಳಾಯಿತು. ಎಂಟನೆಯದು ನೀರು ಏರುತ್ತಿರುವಾಗ ತೋರಿಸಲು ಒಂದು ನಲ್ಲಿ ಚಿತ್ರ.

ಜನವರಿ 31: ಕೋಡ್‌ನಲ್ಲಿ ಮಾಡಿದ ನಾಲ್ಕು ತಪ್ಪು

ಕ್ರಿಯೇಟ್‌ಚಾರ್ ಅನ್ನುವ ಆಜ್ಞೆಯಿಂದ ಚುಕ್ಕಿಗಳನ್ನು ಚಿಪ್ಪಿಗೆ ಕಳಿಸಬೇಕು. ಕಳಿಸಿದ ಮೇಲೆ ನೇರ ಪ್ರಿಂಟ್ ಕೊಟ್ಟೆ, ಪರದೆ ಖಾಲಿ. ಕ್ರಿಯೇಟ್‌ಚಾರ್ ಆದ ಮೇಲೆ ಚಿಪ್ಪಿನ ಬೆರಳು ಇನ್ನೂ ಆ ಚುಕ್ಕಿಗಳ ಜಾಗದಲ್ಲೇ ಇರುತ್ತದೆ. ಸೆಟ್‌ಕರ್ಸರ್ ಕೊಟ್ಟು ಅದನ್ನು ಪರದೆಗೆ ಕರೆತರಬೇಕು.

ಅಕ್ಷರಗಳ ನಂಬರು 0ಯಿಂದ 7. 0ಯನ್ನು ಹಾಗೇ ರೈಟ್ ಆಜ್ಞೆಗೆ ಕೊಟ್ಟರೆ ಕಂಪೈಲ್ ಆಗದೆ ನಿಂತಿತು. ಬೈಟ್ ಅಂತ ಹೇಳಿ ಕೊಡಬೇಕು. ಅಕ್ಷರಗಳನ್ನು ಸಾಲಾಗಿ ಪೋಣಿಸಿ ಒಂದು ಸ್ಟ್ರಿಂಗ್‌ನಲ್ಲಿ (ಅಕ್ಷರಗಳ ಸರದಲ್ಲಿ) ಹಾಕಿದರೆ 0 ಬಂದಲ್ಲಿ ಸ್ಟ್ರಿಂಗ್ ಮುಗಿದೇ ಹೋಗುತ್ತದೆ. ಇದಕ್ಕೆ ಒಳ್ಳೆಯ ಉಪಾಯ ಇದೆ: ಚಿಪ್ಪಿನಲ್ಲಿ 8ರಿಂದ 15ರವರೆಗಿನ ನಂಬರುಗಳೂ ಇದೇ ಎಂಟು ಅಕ್ಷರಗಳನ್ನೇ ತೋರಿಸುತ್ತವೆ. 0 ಬದಲು 8 ಬರೆದರೆ ಆಯಿತು.

ಮೂರನೇ ತಪ್ಪಿನಿಂದ ಎರಡು ದಿನ ಹೋಯಿತು. ನೀರು ಮುಗಿದಾಗ ಎರಡನೇ ಸಾಲಿನಲ್ಲಿ "ಖಾಲಿ" ಅಂತ ತೋರಿಸಲು ಆಸೆ. ಮನೆ ಎಂಟೇ ಇರುವುದರಿಂದ ಆ ಹೊತ್ತಿಗೆ ಹಳೇ ಅಕ್ಷರ ತೆಗೆದು ಖಾ, ಲಿ ತುಂಬಿದೆ. ಎರಡನೇ ಸಾಲಿನಲ್ಲಿ ಖಾಲಿ ಬಂತು, ಜೊತೆಗೆ ಮೇಲಿನ ಸಾಲಿನ ನೀರು ಕೂಡ ಖಾಲಿ ಆಯಿತು! ಪರದೆಗೆ ನೆನಪಿರುವುದು ಅಕ್ಷರದ ನಂಬರು ಮಾತ್ರ. ಆ ನಂಬರಿನ ಚಿತ್ರ ಬದಲಾದರೆ ಅದು ಇರುವ ಎಲ್ಲ ಕಡೆ ಅದೇ ಕ್ಷಣ ಬದಲಾಗುತ್ತದೆ. ಒಂದೇ ಹೊತ್ತಿಗೆ ಎಂಟಕ್ಕಿಂತ ಹೆಚ್ಚು ಬೇರೆ ಬೇರೆ ಅಕ್ಷರ ಆಗುವುದೇ ಇಲ್ಲ. ಅವ್ವನ ಪರಿಹಾರ: "ಸೊನ್ನಿ ಕೊಡ ಅಂದ್ರ ಖಾಲಿನೇ ಅಲ್ಲೇನು?" ಖಾಲಿ ತೆಗೆದುಹಾಕಿದೆ. ಹತ್ತು ಕೊಡಕ್ಕಿಂತ ಕಡಿಮೆ ಆದರೆ ಹಿಂಬೆಳಕು ಮಿಣುಕುವ ಹಾಗೆ ಮಾಡಿಕೊಳ್ಳೋಣ ಅಂತ ಬರೆದಿಟ್ಟೆ.

ಎರಡನೇ ಸಾಲಿಗೆ ನೀರು ಎಷ್ಟಿದೆ ಅಂತ ತೋರಿಸುವ ಉದ್ದ ಪಟ್ಟಿ. ಪೂರ್ತಿ ತುಂಬಿದ ಕಪ್ಪು ಮನೆ ಚಿಪ್ಪಿನಲ್ಲೇ ಇದೆ, ನಂಬರು 255. ಅದಕ್ಕೆ ನಮ್ಮ ಎಂಟರಲ್ಲಿ ಜಾಗ ಕೊಡಬೇಕಿಲ್ಲ.

ನಾಲ್ಕನೇ ತಪ್ಪು ಆಗಿದ್ದು ಅವತ್ತೇ. ಅದು ಬಯಲಾಗಿದ್ದು ಫೆಬ್ರವರಿ ಕೊನೆಗೆ.

ಫೆಬ್ರವರಿ 8: ಕೊಡದ ಲೆಕ್ಕ

ಟಾಕಿಯ ಸುತ್ತಳತೆ ಟೇಪಿನಲ್ಲಿ 330 ಸೆಂ.ಮೀ. ಅಂದರೆ ಅಡ್ಡಗಲ 105. ಒಂದು ಸೆಂ.ಮೀ. ನೀರು ಅಂದರೆ ಸುಮಾರು 8.66 ಲೀಟರ್. ಅವ್ವನ ಸ್ಟೀಲ್ ಕೊಡಕ್ಕೆ ಲೀಟರ್ ಬಾಟಲಿಯಿಂದ ನೀರು ಸುರಿದು ಎಣಿಸಿದೆ: 12 ಲೀಟರ್. ಹಾಗಾದರೆ ಒಂದು ಸೆಂ.ಮೀ.ಗೆ 0.72 ಕೊಡ. ಮುಚ್ಚಳದಿಂದ ತಳಕ್ಕೆ 122 ಸೆಂ.ಮೀ. ತುಂಬಿ ಹರಿಯುವ ಪೈಪು ಮುಚ್ಚಳದಿಂದ 24 ಕೆಳಗೆ. ನೀರು ಕೊಡುವ ಪೈಪು ತಳದಿಂದ 6 ಮೇಲೆ, ಅದರ ಕೆಳಗಿನ ನೀರು ನಮಗೆ ಸಿಗುವುದಿಲ್ಲ. ಉಳಿದದ್ದು 92 ಸೆಂ.ಮೀ., ಅಂದರೆ 66 ಕೊಡ. ಪಟ್ಟಿಯಲ್ಲಿ ಒಂದು ಕಪ್ಪು ಮನೆಗೆ ನಾಲ್ಕು ಕೊಡ.

ಬೋರ್ಡು, ಪರದೆ ಅಡುಗೆಮನೆಯಲ್ಲಿ. ಸೆನ್ಸರ್‌ಗೆ 12 ಮೀಟರ್ ನೆಟ್‌ವರ್ಕ್ ಕೇಬಲ್, ಮೀಟರಿಗೆ 15ರಂತೆ 180 ರೂಪಾಯಿ. ಮಾಳಿಗೆಗೆ ರಂಧ್ರ ಕೊರೆದರೆ ಮಳೆಗಾಲದಲ್ಲಿ ಸೋರುತ್ತದೆ, ಅದಕ್ಕೆ ಕಿಟಕಿಯಿಂದ ಒಯ್ದೆ. ಎಲ್‌ಸಿಡಿ ಡಬ್ಬಿ ಕೂರಿಸಲು ಗೋಡೆಯ ಫರ್ಸಿಗೆ ಡ್ರಿಲ್ ಹಿಡಿದಾಗ ಸುತ್ತಿಗೆ ಮೋಡ್ ಹಾಕಿದೆ, ಕಲ್ಲಿನ ಮೂಲೆ ಹಾರಿತು. ಶಹಾಬಾದ್ ಕಲ್ಲಿಗೆ ಮೊದಲು ಬರೀ ತಿರುಗಿಸಿ, ನೀರು ಹನಿಸುತ್ತಾ ನಿಧಾನಕ್ಕೆ ಹೋಗಬೇಕು.

ಫೆಬ್ರವರಿ 27: "90 ಕೊಡ"

ಮೊದಲು ಪ್ರತಿ ಸುತ್ತಿನಲ್ಲೂ ಪರದೆ ಅಳಿಸಿ ಹೊಸದಾಗಿ ಬರೆಯುತ್ತಿದ್ದೆ. ಪರದೆ ಮಿಣುಕುತ್ತಿತ್ತು. ಅದನ್ನು ತಪ್ಪಿಸಲು "ನೀರು" ಮತ್ತು "ಕೊಡ" ಒಂದೇ ಸಲ ಬರೆದು, ನಡುವಿನ ಅಂಕಿ ಮಾತ್ರ ಬದಲಿಸುವ ಹಾಗೆ ಮಾಡಿದ್ದೆ. 10 ಇದ್ದದ್ದು 9 ಆದಾಗ 1ರ ಜಾಗದಲ್ಲಿ 9 ಬಂತು. ಹಿಂದಿನ ಸೊನ್ನೆ ಅಲ್ಲೇ ಉಳಿಯಿತು. ಪರದೆ "ನೀರು 90 ಕೊಡ" ಅಂತು. ಮಿಣುಕುವ ಹಿಂಬೆಳಕನ್ನು ನಾನಿನ್ನೂ ಜೋಡಿಸಿರಲಿಲ್ಲ.

ಅವ್ವ ನಂಬಿದಳು. ಅವತ್ತು ಹಾಸಿಗೆ ಬಟ್ಟೆಯೆಲ್ಲ ಒಗೆಯಲು ಹಾಕಿದ್ದಳು. ಅರ್ಧಕ್ಕೆ ನಲ್ಲಿ ನಿಂತಿತು. ಸೋಪಿನ ನೊರೆಯಲ್ಲಿ ಬಟ್ಟೆ ಬಿಟ್ಟು, ಪಕ್ಕದ ಮನೆಯಿಂದ ಎರಡು ಕೊಡ ಹೊತ್ತು ತಂದಳು. ಸಂಜೆ ನಾನು ಬಂದಾಗ ಬೈಯಲಿಲ್ಲ. "ನಿನ್ನ ಡಬ್ಬಿ ಸುಳ್ಳ ಹೇಳ್ಲತ್ತದ" ಅಂದಳು ಅಷ್ಟೇ. ಅವಳ ಕಾಲು ಉಳಿಸಲು ಮಾಡಿದ ವಸ್ತು ಅವಳ ಕೈಯಲ್ಲಿ ನೀರು ಹೊರಿಸಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸರಿಪಡಿಸಿದ್ದು ಒಂದು ಸಾಲಿನ ಕೋಡ್: ಅಂಕಿ ಹತ್ತಕ್ಕಿಂತ ಕಡಿಮೆ ಇದ್ದರೆ ಮೊದಲು ಒಂದು ಖಾಲಿ ಜಾಗ ಬರೆದು ಆಮೇಲೆ ಅಂಕಿ. ಇನ್ನೊಂದು ಸಾಲು ಸೇರಿಸಿದೆ: 66ಕ್ಕಿಂತ ಜಾಸ್ತಿ ಲೆಕ್ಕ ಬಂದರೆ ಅಂಕಿ ತೋರಿಸದೆ ಎರಡು ಗೀಟು. ಬೆಳಗಾಗುವುದರೊಳಗೆ ಹಿಂಬೆಳಕನ್ನೂ ಜೋಡಿಸಿದೆ. ಅಳತೆ ತೋರಿಸುವ ಏನನ್ನೇ ಮಾಡಿದರೂ 10ರಿಂದ 9ಕ್ಕೆ ಇಳಿಸಿ ನೋಡಿ.

ಮಾರ್ಚ್ 3–20: ಸೆನ್ಸರ್ ಮತ್ತು ಮೋಟಾರ್

ಎಚ್‌ಸಿ-ಎಸ್‌ಆರ್04 ಮೂರೂವರೆ ವಾರಕ್ಕೆ ಸತ್ತಿತು. ಟಾಕಿಯ ಒಳಗಿನ ಹಬೆಗೆ ಅದರ ಪಿನ್‌ಗಳೆಲ್ಲ ಹಸಿರು ಕಟ್ಟಿದ್ದವು. ನೀರು ತಡೆಯುವ ಜೆಎಸ್‌ಎನ್-ಎಸ್‌ಆರ್04ಟಿ ತಂದೆ, 390 ರೂಪಾಯಿ. ಇದಕ್ಕೆ 20–25 ಸೆಂ.ಮೀ.ಗಿಂತ ಹತ್ತಿರದ್ದು ಸರಿಯಾಗಿ ಕಾಣುವುದಿಲ್ಲ. ಹಾಗಾಗಿ 25ಕ್ಕಿಂತ ಹತ್ತಿರ ಏನು ಬಂದರೂ ತುಂಬಿದೆ ಅಂತಲೇ ಲೆಕ್ಕ. ಐದು ಸಲ ಅಳೆದು ನಡುವಿನ ಅಂಕಿ ತೆಗೆದುಕೊಳ್ಳುತ್ತೇನೆ.

ಅರ್ಧ ಎಚ್‌ಪಿ ಮೋಟಾರ್ ಶುರುವಾದಾಗೊಮ್ಮೆ ಪರದೆ ತುಂಬ ಗೊಜಲು ಅಕ್ಷರ ಬರುತ್ತಿತ್ತು. ಬೋರ್ಡು ಸರಿಯಾಗೇ ಓಡುತ್ತಿತ್ತು, ಕೆಡುತ್ತಿದ್ದದ್ದು ಎಲ್‌ಸಿಡಿ ಮಾತ್ರ. ಮೋಟಾರಿನ ವೈರು ಮತ್ತು ಸೆನ್ಸರ್ ಕೇಬಲ್ ಒಂದೇ ಪೈಪಿನಲ್ಲಿ ಹಾಕಿದ್ದು ನನ್ನ ತಪ್ಪು. ಬೇರೆ ಮಾಡಿದೆ. ಎಲ್‌ಸಿಡಿಯ 1 ಮತ್ತು 2ನೇ ಪಿನ್ ನಡುವೆ 0.1 ಮೈಕ್ರೋಫ್ಯಾರಡ್ ಮತ್ತು 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ. ಬಹಳ ಕಡಿಮೆ ಆಯಿತು, ಪೂರ್ತಿ ಹೋಗಲಿಲ್ಲ. ಈಗ ಹತ್ತು ನಿಮಿಷಕ್ಕೊಮ್ಮೆ ಕೋಡ್ ಎಲ್‌ಸಿಡಿಯನ್ನು ಮೊದಲಿಂದ ಶುರು ಮಾಡಿ, ಎಂಟೂ ಅಕ್ಷರ ಮತ್ತೆ ತುಂಬುತ್ತದೆ.

ಇದೇ ಹೊತ್ತಿಗೆ ವೈರು ಕಡಿಮೆ ಮಾಡಲು ಐ2ಸಿ ಬೋರ್ಡನ್ನು (ಎರಡೇ ವೈರಿನಲ್ಲಿ ಮಾತು ಮುಟ್ಟಿಸುವ ಸಣ್ಣ ಬೋರ್ಡು) ಎಲ್‌ಸಿಡಿ ಬೆನ್ನಿಗೆ ಬೆಸೆದೆ, 110 ರೂಪಾಯಿ. ವಿಳಾಸ ಹೆಕ್ಸ್ 27 ಅಂತ ಕೋಡ್ ಬರೆದೆ, ಏನೂ ಬರಲಿಲ್ಲ. ವಿಳಾಸ ಹುಡುಕುವ ಸ್ಕ್ಯಾನರ್ ಕೋಡ್ ಓಡಿಸಿದರೆ 3ಎಫ್. ಚಿಪ್ಪಿನ ಹೆಸರು ಪಿಸಿಎಫ್8574 ಇದ್ದರೆ ಸಾಮಾನ್ಯವಾಗಿ 27, ಕೊನೆಗೆ ಎ ಇದ್ದರೆ 3ಎಫ್. ಕಣ್ಣಿಟ್ಟು ಓದಿದರೆ ಚಿಪ್ಪಿನ ಮೇಲೇ ಇರುತ್ತದೆ.

ಮೇ 9–14: ಬಿಸಿಲು

ನಮ್ಮೂರಿನ ಮೇ ಗೊತ್ತಲ್ಲ, 42–43 ಡಿಗ್ರಿ. ಮಧ್ಯಾಹ್ನ ಎರಡು ಗಂಟೆಗೆ ಅಕ್ಷರಗಳ ಹಿಂದೆ ಮಸುಕು ಡಬ್ಬಿಗಳು ಎದ್ದು ಬರುತ್ತಿದ್ದವು. ರ ಹೋಗಿ ಕಪ್ಪು ಇಟ್ಟಿಗೆ ಆಗುತ್ತಿತ್ತು. ರಾತ್ರಿ ಎಲ್ಲ ಸರಿ. ಕೋಡ್ ಎರಡು ಸಲ ಮತ್ತೆ ಹಾಕಿದೆ, ಐ2ಸಿ ಬೆಸುಗೆ ಮತ್ತೆ ಕಾಯಿಸಿದೆ, ಎರಡೂ ದಂಡ. ಪರದೆ ಇದ್ದದ್ದು ಪಡುವಣ ಗೋಡೆಯಲ್ಲಿ, ಆ ಕಲ್ಲು ಮುಟ್ಟಿದರೆ ಕೈ ಸುಡುತ್ತಿತ್ತು. ಎಲ್‌ಸಿಡಿ ಬಿಸಿಯಾದಷ್ಟೂ ಕಡಿಮೆ ವೋಲ್ಟೇಜಿಗೇ ಕಪ್ಪಾಗುತ್ತದೆ. 3ನೇ ಪಿನ್ ಏರಿಸಿದಷ್ಟೂ ಅದಕ್ಕೆ ಸಿಗುವ ವೋಲ್ಟೇಜ್ ಇಳಿಯುತ್ತದೆ. ಮಧ್ಯಾಹ್ನ ಚೆನ್ನಾಗಿ ಕಾಣುವ ಹಾಗೆ ತಿರುಗಿಸಿ 3ನೇ ಪಿನ್ ಅಳೆದರೆ 1.05 ವೋಲ್ಟ್. ಜನವರಿಯಲ್ಲಿ 0.75 ಇತ್ತು. ಪರದೆಯನ್ನು ಒಳಗಿನ ನಡುಗೋಡೆಗೆ ಬದಲಿಸಿ, 0.95ಕ್ಕೆ ನಿಲ್ಲಿಸಿದೆ. ಹಗಲೂ ರಾತ್ರಿಯೂ ಓದಬಹುದು.

ಬಿಸಿಲು ಇನ್ನೊಂದನ್ನೂ ಕೆಡಿಸಿತ್ತು. ಮಧ್ಯಾಹ್ನ ಯಾರೂ ಮೋಟಾರ್ ಹಾಕದೆ ನೀರು ಮೂರು ಕೊಡ ಜಾಸ್ತಿ ತೋರಿಸುತ್ತಿತ್ತು. ಬಿಸಿ ಗಾಳಿಯಲ್ಲಿ ಸದ್ದು ಬೇಗ ಓಡುತ್ತದೆ. ಸೆನ್ಸರಿನ ಸದ್ದು ಹೋಗಿ ಬರಲು ಹಿಡಿದ ಮೈಕ್ರೋಸೆಕೆಂಡನ್ನು 58ರಿಂದ ಭಾಗಿಸಿದರೆ ಸೆಂ.ಮೀ. ಅಂತ ಎಲ್ಲರೂ ಬರೆಯುವುದು 20 ಡಿಗ್ರಿ ಆಸುಪಾಸಿಗೆ. 43 ಡಿಗ್ರಿಗೆ ಅದು 56. ಸದ್ಯಕ್ಕೆ 57 ಹಾಕಿದ್ದೇನೆ. ತಪ್ಪು ಒಂದೆರಡು ಕೊಡದ ಒಳಗೇ ಇದೆ.

ಜೂನ್ 12: ಈಗ

ಮೊದಲ ಮಳೆ ಬಂತು. ಪಾಟ್ ಮುಟ್ಟಬೇಕಾಗಲಿಲ್ಲ. ಡಬ್ಬಿಗೆ 60 ಸೇರಿ ಒಟ್ಟು ಖರ್ಚು 1490 ರೂಪಾಯಿ, ಸತ್ತ ಸೆನ್ಸರ್ ಸೇರಿಸಿ. ನೀರು ಏರುವಾಗ ನಲ್ಲಿ ಚಿತ್ರದ ಬದಲು "ಮೋಟಾರ್" ಅಂತಲೇ ಬರಲಿ ಅಂತ ಅವ್ವ ಹೇಳಿದ್ದಾಳೆ. ದೀರ್ಘದ ಬಾಲವನ್ನು ನೀ ಅಕ್ಷರದ್ದೇ ಬಳಸಬಹುದು, ಉಳಿದದ್ದಕ್ಕೆ ಮನೆ ಸಾಲದು. ನಿನ್ನೆ ಸಂಜೆ ನಾನು ಬರುವಷ್ಟರಲ್ಲಿ ಫರ್ಸಿ ಮೇಲೆ ಸೀಮೆಸುಣ್ಣದ ಮನೆ ಗೀರಿ, ಜೋಳದ ಕಾಳಿನಲ್ಲಿ ಮೋ ಬರೆದು ನೋಡುತ್ತಾ ಕೂತಿದ್ದಳು. ಎರಡು ಮನೆಯಲ್ಲಿ ಕೂರಿಸಿದ್ದಾಳೆ.